ಬಾನೆಟ್ ಕೆಳಗಿನ ಕಸುಬು

ಕೊಡಚಾದ್ರಿಗೋ ಮಾಂದಲ್‌ಪಟ್ಟಿಗೋ ಜನರನ್ನು ತುಂಬಿಕೊಂಡು ಏರುವ ಹಳೇ ಜೀಪಿನ ಬಾನೆಟ್ ಎತ್ತಿದರೆ, ಅದು ಹುಟ್ಟುವಾಗ ಇದ್ದ ಎಂಜಿನ್ನೇ ಅಲ್ಲಿದೆ ಅನ್ನುವ ಖಾತ್ರಿಯಿಲ್ಲ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವ ಕೆಲಸ ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ. ಓದಿನಿಂದ ಬರದ, ಕೈ ಪಳಗಿದರಷ್ಟೇ ಒಲಿಯುವ ಈ ವಿದ್ಯೆಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಕಥೆ ಶುರುವಾಗುವುದೇ ಹೆಡ್‌ನಿಂದ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು ಫ್ಲ್ಯಾಟ್ ಹೆಡ್ ಎಂಜಿನ್. ವಾಲ್ವ್‌ಗಳೆಲ್ಲ ಬ್ಲಾಕ್‌ನಲ್ಲೇ, ಹೆಡ್ ಬರೀ ಮುಚ್ಚಳ. 2,199 ಸಿಸಿ, 60 ಅಶ್ವಶಕ್ತಿ. ಆಮೇಲೆ ಬಂದ ಎಫ್-ಹೆಡ್ ಎಂಜಿನ್ನಿನಲ್ಲಿ ಬೋರ್, ಸ್ಟ್ರೋಕ್ ಅಷ್ಟೇ ಇದ್ದರೂ ಇನ್‌ಟೇಕ್ ವಾಲ್ವ್ ಮಾತ್ರ ಹೆಡ್‌ಗೆ ಏರಿತು. ಶಕ್ತಿ 72ಕ್ಕೆ ಹೋಯಿತು, ಎಂಜಿನ್ನೂ ಎತ್ತರವಾಯಿತು. ಅದನ್ನು ಮುಚ್ಚಲೆಂದೇ 1953ರ ಸಿಜೆ-3ಬಿ ಜೀಪಿಗೆ ಎತ್ತರದ ಬಾನೆಟ್ ಬಂತು. ಮಹೀಂದ್ರಾ ದಶಕಗಳ ಕಾಲ ತಯಾರಿಸಿದ್ದು ಇದೇ ಮಾದರಿಯನ್ನು. ಹಳೇ ಬ್ಲಾಕ್ ಮೇಲೆ ಎಫ್-ಹೆಡ್ ಒಂದನ್ನೇ ತಂದು ಇಡಲಾಗದು, ಎರಡರ ಬ್ಲಾಕೂ ಬೇರೆ. ಇಡೀ ಎಂಜಿನ್ ಬದಲಿಸಬಹುದು. ಆಗ ತಗ್ಗು ಬಾನೆಟ್ ಮುಚ್ಚುವುದಿಲ್ಲ.

ಡೀಸೆಲ್ ಬಂದದ್ದು ಖರ್ಚಿನ ಲೆಕ್ಕಾಚಾರದಿಂದ. ಪೆಟ್ರೋಲ್ ಜೀಪ್ ಘಟ್ಟ ಹತ್ತುವಾಗ ಟ್ಯಾಂಕ್ ಬರಿದು ಮಾಡುತ್ತಿತ್ತು. ಡೀಸೆಲ್ ಅಗ್ಗವಿತ್ತು, ಕಡಿಮೆ ವೇಗದಲ್ಲೂ ಎಳೆಯುವ ತಾಕತ್ತಿತ್ತು. ಕಂಪನಿಯೇ ಮೊದಲು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು, ಆಮೇಲೆ ಪ್ಯೂಜೋದ 2,112 ಸಿಸಿ ಎಂಜಿನ್ನನ್ನು ಜೀಪಿಗೆ ಹಾಕಿತು. ಗ್ಯಾರೇಜುಗಳೂ ಅದೇ ದಾರಿ ಹಿಡಿದವು.

ಚೈನ್ ಬ್ಲಾಕ್‌ಗೆ ತೂಗುಹಾಕಿ ಎಂಜಿನ್ ಇಳಿಸುವುದು ಸುಲಭ, ಕೂರಿಸುವುದು ಕಷ್ಟ. ಮುಂದಿನ ಚಕ್ರ ಗುಂಡಿಗೆ ಬಿದ್ದು ಆಕ್ಸಲ್ ಮೇಲೆದ್ದಾಗ ಆಯಿಲ್ ಸಂಪ್‌ಗೆ ತಾಗಬಾರದು. ಜೀಪಿನ ಮುಂದಿನ ಡಿಫರೆನ್ಷಿಯಲ್ ಬಲಕ್ಕಿದೆ, ನಮ್ಮಲ್ಲಿ ಸ್ಟೀರಿಂಗ್ ಬಾಕ್ಸೂ ಅದೇ ಬದಿಗೆ. ಜಾಗ ಉಳಿಯುವುದೇ ಅಷ್ಟಿಷ್ಟು. ಎಂಜಿನ್ ಒಂದು ಕಂಪನಿಯದು, ಗೇರ್ ಬಾಕ್ಸ್ ಇನ್ನೊಂದರದ್ದಾದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಲೇತ್‌ನವನ ಕೈಚಳಕ ಕಾಣುವುದು ಇಲ್ಲಿ. ಕ್ರ್ಯಾಂಕಿನ ನಡುಗೆರೆಗೂ ಗೇರ್ ಬಾಕ್ಸ್ ಶಾಫ್ಟಿನ ನಡುಗೆರೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಿದ್ದರೂ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕ್ರಮೇಣ ಬೇರಿಂಗ್ ಕೂಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಹರಿಯುತ್ತದೆ, ಏರಿನಲ್ಲಿ ಗೇರ್ ತಾನಾಗಿಯೇ ಹಾರುತ್ತದೆ. ಅದಕ್ಕೇ ಪಳಗಿದವರು ಫ್ಲೈವೀಲ್‌ಗೆ ಡಯಲ್ ಗೇಜ್ ಕಟ್ಟಿ, ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಮುಳ್ಳು ಎಷ್ಟು ಅಲುಗುತ್ತದೆಂದು ನೋಡುತ್ತಾರೆ. ಈ ಅರ್ಧ ಗಂಟೆಯ ಕೆಲಸ ಉಳಿಸಿದವನ ಹತ್ತಿರ ಗಾಡಿ ಬಿಡಬೇಡಿ.

ಇನ್ನು ಹೆಡ್. ಘಾಟಿಯಲ್ಲಿ ನೀರು ಕುದಿದ ಎಂಜಿನ್ನಿನ ಹೆಡ್ ಬಾಗಿರುತ್ತದೆ, ಕಣ್ಣಿಗೆ ಕಾಣದು. ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸುತ್ತಾರೆ. ತೆಳ್ಳನೆಯ ಎಲೆ ನಡುವೆ ಸಲೀಸಾಗಿ ಜಾರಿದರೆ ಫೇಸಿಂಗ್ ಮಾಡಿಸಲೇಬೇಕು. ಹೆಚ್ಚು ಉಜ್ಜಿದರೂ ಅಪಾಯ: ಡೀಸೆಲ್‌ನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರ ಬಹಳ ಕಡಿಮೆ. ಮತ್ತೆ ಕೂರಿಸುವಾಗ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯದು.

ಕಾಗದಪತ್ರದ ವಿಷಯ ಮೊದಲೇ ಇತ್ಯರ್ಥವಾಗಲಿ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಇಂಧನ ಎರಡೂ ನಮೂದಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಸ್ಸಿಗೆ ಬಂದಂತೆ ಮಾರ್ಪಾಡು ಮಾಡಲು ಬಿಡುವುದಿಲ್ಲ. ಆರ್‌ಟಿಒದಲ್ಲಿ ವಿಚಾರಿಸದೆ ಎಂಜಿನ್ ಖರೀದಿಸಬೇಡಿ. ಅಪಘಾತವಾದಾಗ ವಿಮೆ ಕಂಪನಿ ಮೊದಲು ನೋಡುವುದೇ ಆ ನಂಬರನ್ನು.

ಕೆಲಸ ಮುಗಿದು ಗಾಡಿ ಮನೆಗೆ ಬಂದ ಮೇಲೂ ಒಂದು ಬಾಕಿಯಿದೆ. ಇಂಥ ಹಳೇ ಎಂಜಿನ್ನುಗಳಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಗ್ಯಾಸ್ಕೆಟ್ ಕುಗ್ಗಿ ಕೂರುತ್ತದೆ. ಆಗ ಹೆಡ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಸಿ, ಟ್ಯಾಪೆಟ್ ಹೊಂದಿಸಬೇಕು. ಒಳ್ಳೆಯ ಮೇಸ್ತ್ರಿ ಇದನ್ನು ಬಿಲ್ಲಿನಲ್ಲೇ ಬರೆದು ಕೊಡುತ್ತಾನೆ.