ಕಾರಿನಲ್ಲಿ ಪೆಟ್ರೋಲಿನ ವಾಸನೆ: ಕಾರಣ ಮತ್ತು ಪರಿಹಾರ

ಕಾರಿನ ಬಾಗಿಲನ್ನು ತೆರೆದೊಡನೆ ಮೂಗಿಗೆ ತಗಲುವ ಪೆಟ್ರೋಲಿನ ವಾಸನೆಯನ್ನು ಬಹುಮಂದಿ ಕೇವಲ ಒಂದು ಕಿರಿಕಿರಿಯೆಂದು ಭಾವಿಸುತ್ತಾರೆ. ಕಿಟಕಿಯನ್ನು ಇಳಿಸಿ, ವಾಸನೆ ಹೋದೊಡನೆ ವಿಷಯವನ್ನೂ ಮರೆತುಬಿಡುತ್ತಾರೆ. ವಾಸ್ತವವಾಗಿ ಅದೊಂದು ಸಾಕ್ಷ್ಯ. ಶಾಸನವೊಂದು ದೊರೆತಾಗ ಇತಿಹಾಸದ ವಿದ್ಯಾರ್ಥಿಗಳಾದ ನಾವು ಅದರ ಕಾಲ, ಸ್ಥಳ, ಸಂದರ್ಭಗಳನ್ನು ಮೊದಲು ವಿಚಾರಿಸುತ್ತೇವೆ. ಈ ವಾಸನೆಯ ಮೂಲವನ್ನು ಕಂಡುಹಿಡಿಯಲು ಬೇಕಾದುದೂ ಅವೇ ಮೂರು ಪ್ರಶ್ನೆಗಳೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಪಾಯದ ಸ್ವರೂಪವನ್ನು ಅರಿಯಬೇಕು. ಸೊನ್ನೆಗಿಂತ ೪೦ ಡಿಗ್ರಿ ಸೆಂಟಿಗ್ರೇಡು ಕೆಳಗಿನ ಶೀತದಲ್ಲಿಯೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬಲ್ಲುದು. ಈ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದರಿಹೋಗದೆ ನೆಲವನ್ನೇ ಹಿಡಿದು ಹರಿಯುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ತಗ್ಗಿನ ಮೂಲೆಗಳಲ್ಲಿ ಸಂಚಯವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ ಒಂದೂವರೆಯಷ್ಟಾದರೂ ಒಂದು ಕಿಡಿ ಅದನ್ನು ಉರಿಸಬಲ್ಲುದು. ಇದಲ್ಲದೆ ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರಿಗೆ ಕಾರಣವಾಗತಕ್ಕ ವಸ್ತು. ಆದಕಾರಣ ವಾಸನೆ ಬಲವಾಗಿದ್ದಲ್ಲಿ ಎಂಜಿನ್ನನ್ನು ಚಾಲನೆ ಮಾಡಕೂಡದು. ಷೆಡ್ಡಿನ ಬಾಗಿಲುಗಳನ್ನು ತೆರೆಯಬೇಕು. ವಿದ್ಯುತ್ ಗುಂಡಿಗಳನ್ನು ಮುಟ್ಟಬಾರದು. ಬೆಂಕಿಕಡ್ಡಿ ಗೀರಿ ಸೋರಿಕೆಯನ್ನು ಹುಡುಕುವುದಂತೂ ಆತ್ಮಹತ್ಯೆಗೆ ಸಮಾನ.

ಇನ್ನು ಕಾಲದ ಪ್ರಶ್ನೆ. ಕಾರು ಯಾವ ಕಾಲದ್ದೆಂಬುದನ್ನು ಅರಿಯದೆ ವಾಸನೆಗೆ ಅರ್ಥ ಹೇಳಲಾಗದು. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರ್, ಅದರ ಸಮಕಾಲೀನವಾದ ಪ್ರೀಮಿಯರ್ ಪದ್ಮಿನಿ ಮೊದಲಾದವುಗಳ ಹಳೆಯ ಕಾರುಗಳಲ್ಲಿ ಕಾರ್ಬುರೇಟರ್ ಇತ್ತು. ಅದರ ಬಟ್ಟಲಿನಲ್ಲಿ ಪೆಟ್ರೋಲ್ ಸದಾ ನಿಂತಿರುತ್ತಿತ್ತು. ಬಟ್ಟಲು ಹೊರಗಾಳಿಗೆ ತೆರೆದಿರುತ್ತಿತ್ತು. ಬೇಸಗೆಯಲ್ಲಿ ದೂರ ಪ್ರಯಾಣ ಮಾಡಿ ನಿಲ್ಲಿಸಿದಾಗ ಎಂಜಿನ್ನಿನ ಕಾವಿಗೆ ಈ ಪೆಟ್ರೋಲ್ ಆವಿಯಾಗಿ ಸ್ವಲ್ಪ ಹೊತ್ತು ವಾಸನೆ ಬರುತ್ತಿದ್ದುದು ಅಂದಿನ ರಚನೆಗೆ ಸಹಜವೇ ಆಗಿತ್ತು.

ಹೀಗೆ ಹೊರಬೀಳುವ ಆವಿಯನ್ನು ಲೋಕವು ದೋಷವೆಂದು ಎಣಿಸಿದುದಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ೧೯೪೦ರ ದಶಕದಲ್ಲಿ ಕಣ್ಣುರಿಸುವ ಮಂಜೊಂದು ಕವಿಯತೊಡಗಿತು. ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞನು ತನ್ನ ವಿಧಾನವನ್ನೇ ಆ ನಗರದ ಗಾಳಿಗೂ ಅನ್ವಯಿಸಿದನು. ವಾಹನಗಳಿಂದಲೂ ತೈಲಾಗಾರಗಳಿಂದಲೂ ಹೊರಬಿದ್ದ ಹೈಡ್ರೋಕಾರ್ಬನ್ನುಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳೊಡನೆ ಕೂಡಿ ಆ ಮಂಜನ್ನು ಉಂಟುಮಾಡುತ್ತವೆಂದು ೧೯೫೨ರ ಪ್ರಬಂಧದಲ್ಲಿ ವಿವರಿಸಿದನು. ತತ್ಪರಿಣಾಮವಾಗಿ ರೂಪುಗೊಂಡ ನಿಯಮಗಳಿಂದ ೧೯೭೦ರ ಮಾದರಿಯ ಕಾರುಗಳಿಗೆ ಕ್ಯಾಲಿಫೋರ್ನಿಯದಲ್ಲಿ ಆವಿಯನ್ನು ತಡೆಹಿಡಿಯುವ ಏರ್ಪಾಡು ಕಡ್ಡಾಯವಾಯಿತು. ಟ್ಯಾಂಕಿನ ಆವಿಯನ್ನು ಇದ್ದಿಲು ತುಂಬಿದ ಡಬ್ಬಿಯೊಂದು ಹೀರಿಕೊಳ್ಳುತ್ತದೆ; ಎಂಜಿನ್ ನಡೆಯುವಾಗ ಒಂದು ಕವಾಟ ತೆರೆದು ಆ ಆವಿಯನ್ನು ಎಂಜಿನ್ನಿಗೇ ಕೊಟ್ಟು ಉರಿಸುತ್ತದೆ. ನಮ್ಮ ದೇಶದಲ್ಲಿ ೨೦೦೦ದ ಸುಮಾರಿನಿಂದ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಷನ್ ಪದ್ಧತಿ ಆಕ್ರಮಿಸಿತು. ಆದುದರಿಂದ ಇಂದಿನ ಕಾರು ಪೂರ್ಣವಾಗಿ ಮುಚ್ಚಿದ ವ್ಯವಸ್ಥೆ. ಹಳೆಯ ಕಾರಿನಲ್ಲಿ ಕ್ಷಮಿಸಬಹುದಾಗಿದ್ದ ವಾಸನೆ ಇಂದಿನ ಕಾರಿನಲ್ಲಿ ನಿಸ್ಸಂದೇಹವಾಗಿ ದೋಷದ ಚಿಹ್ನೆ. 'ಕಾರೆಂದ ಮೇಲೆ ಪೆಟ್ರೋಲ್ ವಾಸನೆ ಇದ್ದದ್ದೇ' ಎಂಬ ಮಾತು ಒಂದು ಕಾಲದ ಅನುಭವವನ್ನು ಇನ್ನೊಂದು ಕಾಲಕ್ಕೆ ಹೊರಿಸುವ ತಪ್ಪು.

ಎರಡನೆಯದು ಸಂದರ್ಭ. ಪೆಟ್ರೋಲ್ ಹಾಕಿಸಿದ ಬಳಿಕ ಮಾತ್ರ ವಾಸನೆ ಬರುತ್ತಿದ್ದರೆ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರನ್ನೂ ಕತ್ತಿನ ಕೊಳವೆಯನ್ನೂ ಪರೀಕ್ಷಿಸಬೇಕು. ಬಂಕಿನಲ್ಲಿ ಪಂಪು ತಾನಾಗಿ ನಿಂತ ಮೇಲೆಯೂ ತುಂಬಿಸುವ ಅಭ್ಯಾಸವಿದ್ದರೆ ಪೆಟ್ರೋಲ್ ಇದ್ದಿಲಿನ ಡಬ್ಬಿಗೇ ನುಗ್ಗಿ ಅದನ್ನು ಕೆಡಿಸುವುದುಂಟು. ಎಂಜಿನ್ ಚಾಲನೆಯಾದೊಡನೆ ವಾಸನೆ ಹೆಚ್ಚಿದರೆ ಒತ್ತಡದ ಕೊಳವೆಗಳಲ್ಲಿಯೋ ಇಂಜೆಕ್ಟರುಗಳ ಬುಡದ ರಬ್ಬರ್ ಬಳೆಗಳಲ್ಲಿಯೋ ಸೋರಿಕೆಯಿರಬಹುದು. ಹೊಗೆಕೊಳವೆಯಿಂದ ಕಪ್ಪು ಹೊಗೆಯೊಡನೆ ಬಂದರೆ ಪೆಟ್ರೋಲ್ ಪೂರ್ತಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಆಗ ಸ್ಪಾರ್ಕ್ ಪ್ಲಗ್ಗುಗಳನ್ನೂ, ಹಳೆಯ ಕಾರಾದರೆ ಚೋಕನ್ನೂ ನೋಡಬೇಕು. ಕಾರ್ಬುರೇಟರ್ ಹೊರಗೆಲ್ಲ ಒದ್ದೆಯಾಗಿದ್ದರೆ ಅದರೊಳಗಿನ ತೇಲುಬುರುಡೆ ತೂತಾಗಿ ಮುಳುಗಿರಬಹುದು, ಇಲ್ಲವೆ ಸೂಜಿ ಕವಾಟದಲ್ಲಿ ಕಸ ಸಿಕ್ಕಿರಬಹುದು.

ಮೂರನೆಯದು ಸ್ಥಳ. ವಾಸನೆ ಬಾನೆಟ್ಟಿನ ಕೆಳಗೆ ಬಲವಾಗಿದೆಯೋ, ಹಿಂಭಾಗದಲ್ಲಿಯೋ, ಕಾರಿನ ಒಳಗೆ ಮಾತ್ರವೋ? ಅನೇಕ ಕಾರುಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗಿದ್ದು, ಅದರ ಮುಚ್ಚಳ ಹಿಂದಿನ ಸೀಟಿನ ಅಡಿಯಲ್ಲಿರುತ್ತದೆ. ಆ ಮುಚ್ಚಳದ ರಬ್ಬರ್ ಸಡಿಲವಾದರೆ ಆವಿ ನೇರವಾಗಿ ಒಳಗೇ ಬರುತ್ತದೆ. ಡಿಕ್ಕಿಯಲ್ಲಿಟ್ಟು ಮರೆತ ಪೆಟ್ರೋಲ್ ಕ್ಯಾನು ಮೂಲವಾಗಿರುವುದೂ ಅಪೂರ್ವವಲ್ಲ.

ಸಾಕ್ಷ್ಯಗಳ ಮಿತಿಯನ್ನೂ ಇಲ್ಲಿ ಹೇಳಬೇಕು. ಮೂಗು ಬೇಗ ದಣಿಯುವ ಇಂದ್ರಿಯ. ಕೆಲವು ನಿಮಿಷಗಳಾದ ಮೇಲೆ ವಾಸನೆ ತಿಳಿಯದಿರುವುದು ಸೋರಿಕೆ ನಿಂತಿತೆಂಬುದಕ್ಕೆ ಪ್ರಮಾಣವಲ್ಲ. ಹೊರಗಿನಿಂದ ಬಂದ ಇನ್ನೊಬ್ಬರ ಮೂಗನ್ನು ನಂಬುವುದೇ ಲೇಸು. ಹಾಗೆಯೇ ನೆಲ ಒಣಗಿದ್ದಿತೆಂದು ಸಮಾಧಾನ ಪಡಕೂಡದು. ಸಣ್ಣ ಸೋರಿಕೆಯ ಹನಿ ನೆಲವನ್ನು ಮುಟ್ಟುವ ಮೊದಲೇ ಆವಿಯಾಗಿ ಹೋಗಬಹುದು. ಕೊಳವೆಯ ಸಂದುಗಳಲ್ಲಿ ಉಳಿದ ಕಲೆಯೇ ಆಗ ನಮಗಿರುವ ಕುರುಹು.

ಪರಿಹಾರವು ಮೂಲವನ್ನು ಅನುಸರಿಸಬೇಕು. ಬಿರುಕುಬಿಟ್ಟ ಕೊಳವೆಗೆ ಟೇಪು ಸುತ್ತುವುದು ಪರಿಹಾರವಲ್ಲ. ಪೆಟ್ರೋಲಿಗಾಗಿಯೇ ಮಾಡಿದ ಹೊಸ ಕೊಳವೆಯನ್ನೂ ಹೊಸ ಕ್ಲಿಪ್ಪುಗಳನ್ನೂ ಹಾಕಿಸಬೇಕು. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆಯ ಜಾತಿಯ ರಬ್ಬರನ್ನು ಕೆಡಿಸಬಲ್ಲುದಾದ್ದರಿಂದ ಹಳೆಯ ಕಾರುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ವಾಷರ್, ರಬ್ಬರ್ ಬಳೆ, ಇದ್ದಿಲಿನ ಡಬ್ಬಿ ಇವುಗಳನ್ನು ಬದಲಾಯಿಸುವುದೇ ಕ್ರಮ. ಇಂಜೆಕ್ಷನ್ ಕಾರಿನ ಕೊಳವೆಗಳಲ್ಲಿ ಎಂಜಿನ್ ನಿಂತ ಮೇಲೆಯೂ ಒತ್ತಡ ಉಳಿದಿರುವುದರಿಂದ ಆ ಕೆಲಸವನ್ನು ತಿಳಿದ ಮೆಕ್ಯಾನಿಕ್ಕಿಗೆ ಬಿಡತಕ್ಕದ್ದು. ಟ್ಯಾಂಕನ್ನು ಖಾಲಿ ಮಾಡಿದೆವೆಂದು ಬೆಸುಗೆಗೆ ಕೊಡುವುದು ಘೋರ ಅಪಾಯ. ಖಾಲಿ ಟ್ಯಾಂಕಿನಲ್ಲಿ ಉಳಿಯುವುದು ಗಾಳಿಯೂ ಆವಿಯೂ ಕೂಡಿದ ಸ್ಫೋಟಕ ಮಿಶ್ರಣ. ದುರಸ್ತಿಯಾದ ಮೇಲೆ ಕಾರನ್ನು ಬಯಲಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಮುಂಜಾನೆ ಬಾಗಿಲು ತೆರೆದೊಡನೆ ಪರೀಕ್ಷಿಸಿದಲ್ಲದೆ ಕೆಲಸ ಪೂರ್ಣವಾಯಿತೆಂದು ಹೇಳಲಾಗದು.

ಒಟ್ಟಿನಲ್ಲಿ, ಮೆಕ್ಯಾನಿಕ್ಕಿನ ಬಳಿಗೆ ಹೋಗುವ ಮುನ್ನ ವಾಸನೆ ಯಾವಾಗ, ಎಲ್ಲಿ, ಯಾವುದಾದ ಮೇಲೆ ಬಂದಿತೆಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡರೆ ಅರ್ಧ ಶೋಧನೆ ಮುಗಿದಂತೆಯೇ ಸರಿ. ಉಳಿದರ್ಧ ಆತನ ಕೈಚಳಕಕ್ಕೆ ಸೇರಿದ್ದು.