ಮೈಸೂರಿನಿಂದ ದೆಹಲಿಗೆ: ಕೃಷಿ ಅರ್ಥಶಾಸ್ತ್ರಜ್ಞರ ಕೂಟವೂ ನಿಮ್ಮ ಹೊಲದ ಲೆಕ್ಕವೂ



ಕಳೆದ ಸುಗ್ಗಿಯಲ್ಲಿ ರಾಗಿ ಮಾರಿದಾಗ ಕ್ವಿಂಟಾಲಿಗೆ ಎಷ್ಟು ಬಂತೆಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಆದರೆ ಆ ಒಂದು ಕ್ವಿಂಟಾಲ್ ರಾಗಿ ಬೆಳೆಯಲು ನಿಮಗೆ ತಗುಲಿದ್ದೆಷ್ಟು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ಗೊಬ್ಬರದ ಚೀಲ, ಟ್ರ್ಯಾಕ್ಟರ್ ಬಾಡಿಗೆ, ಕಳೆ ಕೀಳಿಸಿದ ಕೂಲಿ, ಇಷ್ಟನ್ನು ಕೂಡಿಸಿ ಬಹುಮಂದಿ ಅಲ್ಲಿಗೆ ನಿಲ್ಲಿಸುತ್ತಾರೆ. ಮನೆಯಾಕೆ ಬಗ್ಗಿ ಕಳೆ ತೆಗೆದ ದಿನಗಳು, ರಜೆಯಲ್ಲಿ ಬಂದ ಮಗ ಕಣ ಮಾಡಿದ ದಿನಗಳು, ರಾತ್ರಿ ಹಂದಿ ಕಾದ ನಿಮ್ಮದೇ ನಿದ್ದೆ, ಇವು ಲೆಕ್ಕಕ್ಕೆ ಬರುವುದೇ ಇಲ್ಲ.

ಈ ಬಾರದ ಲೆಕ್ಕವನ್ನು ಬರೆಸುವುದು ಹೇಗೆ ಎಂಬ ಪ್ರಶ್ನೆ ಬಹಳ ಕಾಲದಿಂದ ಪ್ರಪಂಚದ ವಿದ್ವಾಂಸರನ್ನು ಕಾಡಿದೆ. ಅವರದೇ ಒಂದು ಸಂಘವಿದೆ. ಅದು ಒಮ್ಮೆ ನಮ್ಮ ಮೈಸೂರಿಗೂ ಬಂದಿತ್ತು. ಆ ಸಂಘ ಯಾವುದು, ಅದರ ಕೆಲಸವೇನು, ಅದರಿಂದ ನಿಮಗೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಘ ಹುಟ್ಟಿದ ಬಗೆ

ಇದರ ಹೆಸರು ಅಂತರರಾಷ್ಟ್ರೀಯ ಕೃಷಿ ಅರ್ಥಶಾಸ್ತ್ರಜ್ಞರ ಸಂಘ. ಇದರ ಮೊದಲ ಸಮ್ಮೇಳನ 1929ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟಿಂಗ್ಟನ್ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ನಡೆಯಿತು. ಕರೆದವರು ಆ ಜಮೀನಿನ ಒಡೆಯರಾಗಿದ್ದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್.

ಈ ಎಲ್ಮ್‌ಹರ್ಸ್ಟ್ ಭಾರತಕ್ಕೆ ಹೊಸಬರಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಬೇಸಾಯ ಶಾಸ್ತ್ರ ಓದಿದ ಇವರನ್ನು ಕವಿ ರವೀಂದ್ರನಾಥ ಠಾಕೂರರು ಬಂಗಾಳಕ್ಕೆ ಕರೆಸಿಕೊಂಡರು. ಶಾಂತಿನಿಕೇತನದ ಬಳಿಯ ಸುರುಲ್ ಗ್ರಾಮದಲ್ಲಿ 1922ರಲ್ಲಿ ಗ್ರಾಮ ಪುನರ್ರಚನೆಯ ಸಂಸ್ಥೆ ಆರಂಭವಾಯಿತು. ಮುಂದೆ ಶ್ರೀನಿಕೇತನವೆಂದು ಹೆಸರಾದದ್ದು ಅದೇ. ಅದರ ಮೊದಲ ಹೊಣೆ ಹೊತ್ತವರು ಎಲ್ಮ್‌ಹರ್ಸ್ಟ್. ಊರಿಗೆ ಬಂದು ನೋಡದೆ ಊರಿನ ಬಡತನಕ್ಕೆ ಮದ್ದು ಹೇಳಲಾಗದು ಎಂಬ ಪಾಠ ಆ ಕೆಲಸದಲ್ಲೇ ಅಡಗಿತ್ತು.

1929ರ ಆ ಸಣ್ಣ ಕೂಟ ಬೆಳೆಯಿತು. 1930ರಲ್ಲಿ ಕಾರ್ನೆಲ್‌ನಲ್ಲಿ, 1934ರಲ್ಲಿ ಜರ್ಮನಿಯಲ್ಲಿ, 1936ರಲ್ಲಿ ಸ್ಕಾಟ್ಲೆಂಡಿನಲ್ಲಿ, 1938ರಲ್ಲಿ ಕೆನಡಾದಲ್ಲಿ ವಿದ್ವಾಂಸರು ಸೇರಿದರು. ಆಮೇಲೆ ಮಹಾಯುದ್ಧ ಬಂತು. ಒಂಬತ್ತು ವರ್ಷ ಕೂಟವಿಲ್ಲ. 1947ರಲ್ಲಿ ಮತ್ತೆ ಡಾರ್ಟಿಂಗ್ಟನ್‌ನಲ್ಲೇ ಸೇರಿ ಮುರಿದ ನಂಟನ್ನು ಕೂಡಿಸಿಕೊಂಡರು. ನಂತರ ಇಟಲಿ, ಅಮೆರಿಕ, ಫಿನ್ಲೆಂಡ್. ಹೀಗೆ ಒಂಬತ್ತು ಸಮ್ಮೇಳನಗಳೂ ಯೂರೋಪು ಇಲ್ಲವೆ ಉತ್ತರ ಅಮೆರಿಕದಲ್ಲಿಯೇ ಮುಗಿದವು. ಪ್ರಪಂಚದ ಒಕ್ಕಲುಮಕ್ಕಳಲ್ಲಿ ಹೆಚ್ಚು ಮಂದಿ ಇರುವ ಏಷ್ಯಾ ಖಂಡಕ್ಕೆ ಅದು ಇನ್ನೂ ಕಾಲಿಟ್ಟಿರಲಿಲ್ಲ.

ಮೈಸೂರಿಗೆ ಬಂದ ಸಮ್ಮೇಳನ

ಹತ್ತನೆಯ ಸಮ್ಮೇಳನ 1958ರ ಆಗಸ್ಟ್ ತಿಂಗಳಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಏಷ್ಯಾದಲ್ಲಿ ಇದೇ ಮೊದಲು. ಎಲ್ಮ್‌ಹರ್ಸ್ಟ್ ಅವರೇ ಸಂಘದ ಅಧ್ಯಕ್ಷರಾಗಿದ್ದರು. ಕನ್ನಡ ನಾಡು ಒಂದಾಗಿ ಆಗ ಎರಡೇ ವರ್ಷ. ಹೆಬ್ಬಾಳದಲ್ಲಿ 1946ರಿಂದ ಕೃಷಿ ಕಾಲೇಜು ಇತ್ತು. ಆದರೆ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಲು 1964ರವರೆಗೆ ಕಾಯಬೇಕಾಯಿತು.

ಆ ಕಾಲಕ್ಕೆ ಭಾರತ ಇಂಥ ಕೂಟಕ್ಕೆ ತಕ್ಕ ಸ್ಥಳವಾಗಿತ್ತು. ನಮ್ಮಲ್ಲಿ ಭಾರತೀಯ ಕೃಷಿ ಅರ್ಥಶಾಸ್ತ್ರ ಸಂಘ 1939ರಲ್ಲೇ ಹುಟ್ಟಿತ್ತು. 1954-55ರಿಂದ ದೇಶದ ಆರು ರಾಜ್ಯಗಳಲ್ಲಿ ಸಾಗುವಳಿ ನಿರ್ವಹಣೆಯ ಅಧ್ಯಯನಗಳು ಶುರುವಾಗಿದ್ದವು. ರೈತನ ಮನೆಯ ಖರ್ಚು, ದುಡಿಮೆ, ಇಳುವರಿಗಳನ್ನು ಶಿಸ್ತಿನಿಂದ ಬರೆದಿಡುವ ಕೆಲಸ ಅದು.

ಆ ಅಧ್ಯಯನಗಳಿಂದ ಹೊರಬಿದ್ದ ಒಂದು ಸಂಗತಿಯನ್ನು ಅಮರ್ತ್ಯ ಸೇನ್ 1962ರಲ್ಲಿ ಎತ್ತಿ ತೋರಿಸಿದರು. ಮನೆಯವರ ದುಡಿಮೆಗೆ ಊರಿನ ಕೂಲಿಯ ದರ ಕಟ್ಟಿ ಲೆಕ್ಕ ಹಾಕಿದರೆ ನಮ್ಮ ಬೇಸಾಯದ ಬಹುಭಾಗ ನಷ್ಟದಲ್ಲಿ ಕಾಣುತ್ತದೆ. ಹಾಗಿದ್ದೂ ಸಣ್ಣ ಹಿಡುವಳಿಯಲ್ಲಿ ಎಕರೆವಾರು ಉತ್ಪತ್ತಿ ದೊಡ್ಡ ಹಿಡುವಳಿಗಿಂತ ಸಾಮಾನ್ಯವಾಗಿ ಹೆಚ್ಚು. ಕಾರಣ, ಸಣ್ಣ ರೈತ ತನ್ನ ಮತ್ತು ಮನೆಯವರ ಮೈದುಡಿಮೆಯನ್ನು ಎಣಿಸದೆ ಭೂಮಿಗೆ ಸುರಿಯುತ್ತಾನೆ. ಈ ವಿಷಯದ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಿಂತಿಲ್ಲ. ನಿಮ್ಮ ಮನೆಯಲ್ಲಿ ಮಾತ್ರ ಇದು ಗೊತ್ತಿದ್ದ ಸಂಗತಿಯೇ.

ಮಂಡ್ಯದ ಎರಡು ಹಳ್ಳಿಗಳು

ಸಮ್ಮೇಳನಕ್ಕೆ ಸ್ವಲ್ಪ ಮೊದಲು, 1954ರಿಂದ 1956ರವರೆಗೆ, ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಹಳ್ಳಿಯವರಿಗೆ ತೊಂದರೆಯಾಗದಿರಲೆಂದು ಆ ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟರು. 1962ರಲ್ಲಿ ಅವರ ಪುಸ್ತಕ ಹೊರಬಂತು.

ವಂಗಲಕ್ಕೆ ನಾಲೆಯ ನೀರು ಬಂತು. ರಾಗಿಯ ಹೊಲದಲ್ಲಿ ಕಬ್ಬು, ಭತ್ತ ಎದ್ದು ನಿಂತವು. ಕೈಯಲ್ಲಿ ಹಣ ಓಡಾಡಿತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಅಲ್ಲಿನವರು ಸುಮ್ಮನೆ ಕೂರಲಿಲ್ಲ. ಕೆಲವರು ಮಂಡ್ಯದಲ್ಲಿ ಕೆಲಸ ಹಿಡಿದರು, ಕೆಲವರು ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಪಕ್ಕದೂರುಗಳಲ್ಲಿ ನೀರಾವರಿ ಜಮೀನು ಕೊಂಡರು.

ಎಪ್‌ಸ್ಟೀನ್ ಕಂಡದ್ದೇನು? ನೀರು ಬಂದ ಊರು ಹಣವಂತವಾದರೂ ಒಕ್ಕಲು ಮತ್ತು ಆಳಿನ ಹಳೆಯ ಸಂಬಂಧ, ಊರಿನ ಹಳೆಯ ರೀತಿ ಹೆಚ್ಚಾಗಿ ಹಾಗೆಯೇ ಉಳಿದವು. ನೀರು ಬಾರದ ಊರು ಹೊರಗಿನ ಪ್ರಪಂಚದ ಕಡೆ ಮುಖ ಮಾಡಿ ಹೆಚ್ಚು ಬದಲಾಯಿತು. ಅಭಿವೃದ್ಧಿಯೆಂದರೆ ಬರೀ ಇಳುವರಿಯಲ್ಲ, ಒಂದೇ ನಾಲೆ ಎರಡು ಊರಿಗೆ ಎರಡು ಬಗೆಯ ಫಲ ಕೊಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು.

1975ರಲ್ಲಿ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಮೆಹಬೂಬ್‌ನಗರ, ಸೊಲ್ಲಾಪುರ ಮತ್ತು ಅಕೋಲಾ ಜಿಲ್ಲೆಗಳ ಆರು ಮಳೆಯಾಶ್ರಿತ ಹಳ್ಳಿಗಳಲ್ಲಿ ಇಂಥದೇ ಕೆಲಸ ಕೈಗೊಂಡಿತು. ಊರಿಗೆ 40 ಮನೆ ಆರಿಸಿ, ಊರಲ್ಲೇ ಉಳಿದ ಸಿಬ್ಬಂದಿಯಿಂದ ಲೆಕ್ಕ ಬರೆಸಿತು. ಆರಿಸಿದ ಮನೆಗಳಲ್ಲಿ ಹತ್ತು ಭೂಮಿಯಿಲ್ಲದವರವು. ಬಗೆಬಗೆಯ ಬೆಳೆ ಕೂಡಿಸಿ ಹಾಕುವುದು, ಹೊಲವನ್ನು ಹಲವು ಕಡೆ ಇಟ್ಟುಕೊಳ್ಳುವುದು ಅರಿಯದವರ ಹಟವಲ್ಲ, ಮಳೆ ಕೈಕೊಟ್ಟಾಗ ಪಾರಾಗುವ ಉಪಾಯ ಎಂಬುದು ಇಂಥ ಅಧ್ಯಯನಗಳಿಂದ ವಿದ್ವಾಂಸರಿಗೆ ಮನವರಿಕೆಯಾಯಿತು. ರಾಗಿಯಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಭಾರತಕ್ಕೆ

ಮೈಸೂರಿನ ನಂತರ ಸಂಘದ ಸಮ್ಮೇಳನ ಮೂರು ವರ್ಷಕ್ಕೊಮ್ಮೆ ದೇಶದಿಂದ ದೇಶಕ್ಕೆ ಸಾಗಿತು. 1961ರಲ್ಲಿ ಮೆಕ್ಸಿಕೊ, 1976ರಲ್ಲಿ ಕೀನ್ಯಾದ ನೈರೋಬಿ, 1982ರಲ್ಲಿ ಇಂಡೊನೇಷ್ಯಾದ ಜಕಾರ್ತ, 1994ರಲ್ಲಿ ಜಿಂಬಾಬ್ವೆಯ ಹರಾರೆ, 2009ರಲ್ಲಿ ಚೀನಾದ ಬೀಜಿಂಗ್. 2018ರಿಂದ 2021ರವರೆಗೆ ಭಾರತ ಸಂಜಾತೆ ಉಮಾ ಲೇಲೆ ಅವರು ಸಂಘದ ಅಧ್ಯಕ್ಷರಾಗಿದ್ದರು. ಕೋವಿಡ್ ಕಾರಣ 2021ರ ಸಮ್ಮೇಳನ ಕಂಪ್ಯೂಟರ್ ತೆರೆಯ ಮೇಲೆಯೇ ನಡೆಯಿತು. ಕೊನೆಗೆ 2024ರ ಆಗಸ್ಟ್ 2ರಿಂದ 7ರವರೆಗೆ 32ನೆಯ ಸಮ್ಮೇಳನ ನವದೆಹಲಿಯಲ್ಲಿ ಸೇರಿತು. ಸುಮಾರು 70 ದೇಶಗಳ ಸುಮಾರು 1000 ಪ್ರತಿನಿಧಿಗಳು ಬಂದಿದ್ದರು. ಮೈಸೂರಿನ ನಂತರ ಅದು ಭಾರತಕ್ಕೆ ಮರಳಿದ್ದು 66 ವರ್ಷಗಳ ಮೇಲೆ.

ಇಷ್ಟು ದೂರದ ಮಾತು ನಮಗೇಕೆ ಎನ್ನಬೇಡಿ. ಸಂಘ ನೇರವಾಗಿ ಯಾರಿಗೂ ಬೆಲೆ ಕೊಡುವುದಿಲ್ಲ, ಸಾಲ ಮನ್ನಾ ಮಾಡುವುದಿಲ್ಲ. ಆದರೆ ರೈತನ ಲೆಕ್ಕವನ್ನು ಹಿಡಿಯುವ ಅಳತೆಗೋಲು ತಯಾರಾಗುವುದು ಇಂಥ ವಿದ್ವಾಂಸರ ಚರ್ಚೆಯಲ್ಲಿ. ಆ ಅಳತೆಗೋಲು ನಿಮ್ಮ ಬೆಲೆಯನ್ನು ಮುಟ್ಟುತ್ತದೆ.

ಬೆಂಬಲ ಬೆಲೆಯ ಹಿಂದಿನ ಲೆಕ್ಕ

ಕೇಂದ್ರ ಸರ್ಕಾರ 1965ರಲ್ಲಿ ಕೃಷಿ ಬೆಲೆ ಆಯೋಗ ರಚಿಸಿತು. 1985ರಲ್ಲಿ ಅದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವಾಯಿತು. ಹೆಸರಿಗೆ 'ವೆಚ್ಚ' ಎಂಬ ಮಾತು ಸೇರಿದ್ದನ್ನು ಗಮನಿಸಿ. ಅದಕ್ಕೆ ಬೇಕಾದ ವೆಚ್ಚದ ಅಂಕಿಗಳನ್ನು 1970-71ರಲ್ಲಿ ಆರಂಭವಾದ ಸಾಗುವಳಿ ವೆಚ್ಚದ ಸಮಗ್ರ ಯೋಜನೆ ಒದಗಿಸುತ್ತದೆ. ತಾಲ್ಲೂಕು ಆರಿಸಿ, ಅದರಲ್ಲಿ ಊರುಗಳ ಗುಂಪನ್ನು ಆರಿಸಿ, ಅಲ್ಲಿ ಹತ್ತು ಹಿಡುವಳಿಗಳನ್ನು ಆರಿಸುತ್ತಾರೆ. ಸಣ್ಣದರಿಂದ ದೊಡ್ಡದರವರೆಗೆ ಐದು ವರ್ಗ, ವರ್ಗಕ್ಕೆ ಎರಡರಂತೆ.

ವೆಚ್ಚವನ್ನು ಮುಖ್ಯವಾಗಿ ಮೂರು ಮೆಟ್ಟಿಲಲ್ಲಿ ನೋಡುತ್ತಾರೆ.

1. ಎ2 ವೆಚ್ಚ: ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ, ದುಡಿಯುವ ಬಂಡವಾಳದ ಬಡ್ಡಿ, ಸಲಕರಣೆಯ ಸವಕಳಿ, ಗುತ್ತಿಗೆಗೆ ಹಿಡಿದಿದ್ದರೆ ಅದರ ಹಣ. ಮನೆಯ ಬೀಜ, ಮನೆಯ ಕೊಟ್ಟಿಗೆ ಗೊಬ್ಬರ, ಮನೆಯ ಎತ್ತಿನ ದುಡಿಮೆಗೂ ಬೆಲೆ ಕಟ್ಟಿ ಇದರಲ್ಲೇ ಸೇರಿಸುತ್ತಾರೆ.

2. ಎ2 ಜೊತೆಗೆ ಕುಟುಂಬದ ದುಡಿಮೆ: ಮನೆಯವರು ಕೂಲಿಯಿಲ್ಲದೆ ಮಾಡಿದ ಕೆಲಸದ ಬೆಲೆ ಇಲ್ಲಿ ಕೂಡುತ್ತದೆ.

3. ಸಿ2 ವೆಚ್ಚ: ಮೇಲಿನದರ ಜೊತೆಗೆ ಸ್ವಂತ ಭೂಮಿಯ ಗೇಣಿಯ ಬೆಲೆ ಮತ್ತು ಸ್ವಂತ ಸ್ಥಿರ ಬಂಡವಾಳದ ಬಡ್ಡಿ.

ಒಂದು ಉದಾಹರಣೆ ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು ಮಾತ್ರ. ಒಂದು ಎಕರೆ ರಾಗಿಗೆ, ಹುಲ್ಲಿನ ಪಾಲು ಕಳೆದು, ಎ2 ವೆಚ್ಚ ರೂ. 14,000 ಎನ್ನೋಣ. ಮನೆಯವರ ದುಡಿಮೆ 20 ದಿನ, ದಿನಕ್ಕೆ ರೂ. 400ರಂತೆ ರೂ. 8,000. ಕೂಡಿದರೆ ರೂ. 22,000. ಸ್ವಂತ ಭೂಮಿಯ ಗೇಣಿ ಮತ್ತು ಬಡ್ಡಿ ರೂ. 6,000. ಒಟ್ಟು ರೂ. 28,000. ಇಳುವರಿ 10 ಕ್ವಿಂಟಾಲ್ ಬಂದರೆ ಕ್ವಿಂಟಾಲಿನ ವೆಚ್ಚ ಮೊದಲ ಮೆಟ್ಟಿಲಲ್ಲಿ ರೂ. 1,400, ಎರಡನೆಯದರಲ್ಲಿ ರೂ. 2,200, ಮೂರನೆಯದರಲ್ಲಿ ರೂ. 2,800.

2018-19ರಿಂದ ಸರ್ಕಾರ ಬೆಂಬಲ ಬೆಲೆಯನ್ನು ಎರಡನೆಯ ಮೆಟ್ಟಿಲಿನ ವೆಚ್ಚದ ಕನಿಷ್ಠ ಒಂದೂವರೆ ಪಟ್ಟು ಎಂದು ಇಟ್ಟುಕೊಂಡಿದೆ. ನಮ್ಮ ಉದಾಹರಣೆಯಲ್ಲಿ ಅದು ರೂ. 3,300. ರೈತ ಸಂಘಟನೆಗಳು ಕೇಳುತ್ತಿರುವುದು ಸಿ2 ವೆಚ್ಚದ ಒಂದೂವರೆ ಪಟ್ಟು, ಅಂದರೆ ರೂ. 4,200. ನಡುವಿನ ಅಂತರ ಕ್ವಿಂಟಾಲಿಗೆ ರೂ. 900. ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ 2004ರಿಂದ 2006ರವರೆಗೆ ಕೆಲಸ ಮಾಡಿ, ವೆಚ್ಚಕ್ಕಿಂತ ಕನಿಷ್ಠ ಶೇ. 50 ಹೆಚ್ಚು ಬೆಲೆ ಇರಬೇಕೆಂದು ಹೇಳಿತು. ಇಡೀ ವಾದವೀಗ ನಿಂತಿರುವುದು 'ವೆಚ್ಚ' ಎಂದರೆ ಯಾವ ಮೆಟ್ಟಿಲು ಎಂಬುದರ ಮೇಲೆ. ನಿಮ್ಮ ಸ್ವಂತ ಭೂಮಿಗೆ ಬೆಲೆಯಿದೆಯೆ, ನಿಮ್ಮ ಮನೆಯಾಕೆಯ ದಿನಕ್ಕೆ ಬೆಲೆಯಿದೆಯೆ ಎಂಬ ಪ್ರಶ್ನೆ ಅದು.

ನೀವು ಮಾಡಬಹುದಾದದ್ದು

ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲಿ. ಹಾಗಾಗಿ ರಾಗಿಯ ವೆಚ್ಚದ ಲೆಕ್ಕದಲ್ಲಿ ನಮ್ಮ ಹೊಲಗಳ ತೂಕ ದೊಡ್ಡದು. ಆದ್ದರಿಂದ ಈ ಕೆಳಗಿನವನ್ನು ರೂಢಿಸಿಕೊಳ್ಳಿ.

1. ಬೆಳೆಗೊಂದು ನೂರು ಪುಟದ ಪುಸ್ತಕ ಇಡಿ. ಹೊಲ ಹಸನು ಮಾಡಿದ ದಿನದಿಂದ ಚೀಲ ಹೊಲಿದ ದಿನದವರೆಗೆ ಅದರಲ್ಲೇ ಬರೆಯಿರಿ.

2. ಅದೇ ದಿನ ಸಂಜೆ ಬರೆಯಿರಿ. ವಾರ ಕಳೆದರೆ ಅರ್ಧ ಮರೆತುಹೋಗುತ್ತದೆ.

3. ಹಣದ ಖರ್ಚಿಗೆ ಒಂದು ಕಡೆ, ಮನೆಯವರ ದುಡಿಮೆಗೆ ಇನ್ನೊಂದು ಕಡೆ ಜಾಗ ಬಿಡಿ. ಗಂಡಸರ, ಹೆಂಗಸರ ದಿನಗಳನ್ನು ಬೇರೆ ಬೇರೆ ಗುರುತು ಹಾಕಿ. ಅರ್ಧ ದಿನವಾದರೆ ಅರ್ಧವೆಂದೇ ಬರೆಯಿರಿ.

4. ಮುಯ್ಯಾಳು ಬಂದಿದ್ದರೆ ಅದನ್ನೂ ಬರೆಯಿರಿ. ಆ ದಿನವನ್ನು ನೀವು ಇನ್ನೊಬ್ಬರ ಹೊಲದಲ್ಲಿ ತೀರಿಸಲೇಬೇಕು. ಅದು ಪುಕ್ಕಟೆಯಲ್ಲ.

5. ಮನೆಗೆ ಇಟ್ಟುಕೊಂಡ ಕಾಳು, ಆಳಿಗೆ ಕೊಟ್ಟ ಕಾಳು, ದನಕ್ಕೆ ಹಾಕಿದ ಹುಲ್ಲು ಇವೂ ಉತ್ಪತ್ತಿಯೇ. ಮಾರಿದ್ದನ್ನು ಮಾತ್ರ ಬರೆದರೆ ಲೆಕ್ಕ ಕೆಡುತ್ತದೆ.

6. ವೆಚ್ಚದ ಯೋಜನೆಯ ಸಿಬ್ಬಂದಿ ನಿಮ್ಮ ಮನೆಯನ್ನು ಆರಿಸಿಕೊಂಡು ಬಂದರೆ ಇದ್ದದ್ದನ್ನು ಇದ್ದಂತೆ ಹೇಳಿ. ತೆರಿಗೆಯವರೆಂದು ಹೆದರಿ ಕಡಿಮೆ ಹೇಳಬೇಡಿ. ಸವಲತ್ತು ಸಿಗಲೆಂದು ಹೆಚ್ಚಿಸಿಯೂ ಹೇಳಬೇಡಿ. ಮನೆಯ ಹೆಂಗಸರನ್ನೂ ಕರೆದು ಕೂರಿಸಿ. ಅವರು ಮಾಡಿದ ಕೆಲಸ ಅವರಿಗೇ ಚೆನ್ನಾಗಿ ಗೊತ್ತು.

ನಿಮ್ಮ ಮನೆ ಆ ಹತ್ತರಲ್ಲಿ ಬಾರದಿದ್ದರೂ ಪುಸ್ತಕ ವ್ಯರ್ಥವಲ್ಲ. ಮುಂದಿನ ವರ್ಷ ಯಾವ ಹೊಲಕ್ಕೆ ಯಾವ ಬೆಳೆ, ಆಳಿಗೆ ಹಾಕುವುದೇ ಯಂತ್ರಕ್ಕೆ ಹಾಕುವುದೇ, ಸಂತೆಯ ಬೆಲೆಗೆ ಒಪ್ಪುವುದೇ ಕಾಯುವುದೇ ಎಂಬುದನ್ನು ಅದು ನಿಮಗೆ ಹೇಳಿಕೊಡುತ್ತದೆ. ರೈತರ ಸಭೆಯಲ್ಲಿ ಎದ್ದು ನಿಂತು ಬೆಲೆ ಸಾಲದು ಎನ್ನುವಾಗ ಕೈಯಲ್ಲಿ ಪುಸ್ತಕವಿದ್ದರೆ ಆ ಮಾತಿಗೆ ತೂಕ ಬರುತ್ತದೆ.

1958ರಲ್ಲಿ ಹಲವು ದೇಶಗಳ ವಿದ್ವಾಂಸರು ಮೈಸೂರಿಗೆ ಬಂದು ರೈತನ ಲೆಕ್ಕದ ಬಗ್ಗೆ ಮಾತನಾಡಿ ಹೋದರು. 2024ರಲ್ಲಿ ದೆಹಲಿಗೆ ಬಂದೂ ಮಾತನಾಡಿದರು. ಅವರ ಕಾಗದಗಳಲ್ಲಿರುವ ಅಂಕಿಗಳು ಎಲ್ಲೋ ಒಂದು ಹೊಲದ ಬದುವಿನ ಮೇಲೆ ಕುಳಿತ ರೈತ ಹೇಳಿದವು. ಆ ರೈತ ಸರಿಯಾಗಿ ಹೇಳಿದರೆ ಅವರ ಶಾಸ್ತ್ರವೂ ಸರಿ. ಈ ಮುಂಗಾರಿಗೆ ಬಿತ್ತನೆ ಬೀಜದ ಜೊತೆಗೇ ಒಂದು ಪುಸ್ತಕ, ಒಂದು ಪೆನ್ಸಿಲ್ ತಂದಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಮೊದಲ ಉಳುಮೆಯ ತಾರೀಖು ಬರೆಯಿರಿ.