ಮದುವೆಯ ಮಾತು ಹೇಳಿದ ಮರದ ಚಮಚ

ಮದುವೆಯಾಗ್ತೀಯಾ ಅಂತ ಕೇಳೋಕೆ ವಜ್ರದ ಉಂಗುರವೇ ಬೇಕಾ? ವೇಲ್ಸ್ ದೇಶದ ಹಳ್ಳಿ ಹುಡುಗರು ಶತಮಾನಗಳ ಹಿಂದೆ ಕೈಗೆತ್ತಿಕೊಂಡಿದ್ದು ಒಂದು ಮರದ ತುಂಡು, ಒಂದು ಚಾಕು.

ಮೆಚ್ಚಿದ ಹುಡುಗಿಗೆ ಕೊಡೋಕೆ ಕೆತ್ತುತ್ತಿದ್ದದ್ದು ಚಮಚ. ಹೌದು, ಮರದ ಚಮಚ! ಅದಕ್ಕೆ ಹೆಸರೇ ಲವ್ ಸ್ಪೂನ್. ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್ ಮ್ಯೂಸಿಯಂನಲ್ಲಿ 1667ನೇ ಇಸವಿಯ ಒಂದು ಚಮಚ ಇವತ್ತಿಗೂ ಇದೆ.

ಈಗ ಇಂಥ ಚಮಚಗಳ ಹಿಡಿಯನ್ನ ಸ್ವಲ್ಪ ಹತ್ತಿರದಿಂದ ನೋಡಿ. ಹೃದಯ ಅಂದ್ರೆ ಪ್ರೀತಿ, ಗೊತ್ತೇ ಇದೆ. ಚಕ್ರ ಇದ್ರೆ, ನಿನಗಾಗಿ ದುಡೀತೀನಿ ಅಂತ. ಕೀಲಿಕೈ ಇದ್ರೆ, ನನ್ನ ಮನೆ ನಿಂದೇ ಅಂತ. ನನಗೆ ತುಂಬಾ ಇಷ್ಟವಾದದ್ದು, ಪುಟ್ಟ ಪಂಜರದೊಳಗೆ ಉರುಳಾಡೋ ಮರದ ಗುಂಡುಗಳು. ಎಷ್ಟು ಗುಂಡೋ ಅಷ್ಟು ಮಕ್ಕಳ ಆಸೆ! ಆ ಗುಂಡುಗಳನ್ನ ಹೊರಗಿನಿಂದ ತೂರಿಸಿದ್ದಲ್ಲ. ಅಂಟಿಲ್ಲ, ಜೋಡಣೆಯಿಲ್ಲ, ಎಲ್ಲಾ ಒಂದೇ ಮರದ ತುಂಡು. ಕಂಬಿಗಳ ಸಂದಿಯಲ್ಲಿ ಚಾಕು ಆಡಿಸಿ, ಒಳಗಿನ ಮರವನ್ನ ಚೂರುಚೂರೇ ಕೆರೆದು, ಗುಂಡು ಬಿಡಿಸಿಕೊಂಡು ಉರುಳೋ ತನಕ ಕೆತ್ತಬೇಕು. ಕೈ ಜಾರಿ ಒಂದು ಕಂಬಿ ಮುರಿದ್ರೆ, ಮತ್ತೆ ಮೊದಲಿನಿಂದ.

ಅಷ್ಟು ಹೊತ್ತೂ ಮನಸ್ಸಲ್ಲಿ ಆ ಹುಡುಗಿಯೇ. ಇವತ್ತಿನ ಪ್ರಪೋಸಲ್‌ಗಳ ಡ್ರೋನ್, ಪಟಾಕಿ, ಸ್ಟೇಜು ಯಾವುದೂ ಇದರ ಮುಂದೆ ನಿಲ್ಲಲ್ಲ. ಚಪ್ಪಾಳೆಗೆ ಕಾದು ನಿಂತ ಜನರ ನಡುವೆ "ಹೂಂ" ಅನ್ನೋದು ಕಷ್ಟ, "ಬೇಡ" ಅನ್ನೋದು ಇನ್ನೂ ಕಷ್ಟ. ಚಮಚವನ್ನಾದ್ರೆ ತಿರುಗಿಸಿ ನೋಡುತ್ತಾ ನಿಧಾನವಾಗಿ ಯೋಚಿಸಬಹುದು.

ಪ್ರಪೋಸ್ ಮಾಡೋ ಆಲೋಚನೆ ಇದ್ಯಾ? ಕ್ಯಾಮೆರಾ ಬುಕ್ ಮಾಡೋ ಮೊದಲು, ನಿಮ್ಮ ಕೈಯಾರೆ ಏನು ಮಾಡಿಕೊಡಬಲ್ಲಿರಿ ಅಂತ ಒಂದ್ಸಲ ಯೋಚಿಸಿ.